ಬರೀ 4 ಮಿಲ್ಲಿಮೀಟರಾ?

ಕಿಡ್ನಿಯಲ್ಲಿ ಕಲ್ಲಿದೆ ಅಂತ ನೆಂಟರಿಗೆ ಯಾವತ್ತೂ ಹೇಳಬಾರದು. ನಾನು ಹೇಳಲಿಲ್ಲ, ಅಮ್ಮ ಹೇಳಿದರು. ಮೊನ್ನೆ ಬದಿಯಡ್ಕದ ಹತ್ತಿರ ಉಪನಯನಕ್ಕೆ ಹೋದರೆ ಎಲೆ ಹಾಕುವ ಮೊದಲೇ ಸುದ್ದಿ ಇಡೀ ಪಂಕ್ತಿಗೆ ಬಡಿಸಿ ಆಗಿತ್ತು. ಪಕ್ಕದವರು ಹಾಲು, ಮಜ್ಜಿಗೆ ಬಿಡು, ಅದೇ ಗಟ್ಟಿಯಾಗಿ ಕಲ್ಲಾಗುವುದು ಅಂದರು. ಡಾಕ್ಟರು ಹೇಳಿದ್ದು ಪೂರ್ತಿ ಉಲ್ಟಾ. ಊಟದ ಜೊತೆ ಮಜ್ಜಿಗೆ ಇದ್ದರೆ ಅದರ ಕ್ಯಾಲ್ಸಿಯಂ ಪಾಲಕ್‌ನಂಥ ಸೊಪ್ಪಿನಲ್ಲಿರುವ ಆಕ್ಸಲೇಟ್ ಅನ್ನುವ, ಕಲ್ಲು ಕಟ್ಟಿಸುವ ಅಂಶವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದಂತೆ, ಕಿಡ್ನಿ ತನಕ ಹೋಗಲು ಜಾಸ್ತಿ ಬಿಡುವುದಿಲ್ಲ. ಉಪ್ಪು ಕಡಿಮೆ ಮಾಡು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ ನೋಡಿ. ಮಿಡಿ ಉಪ್ಪಿನಕಾಯಿ, ಹಪ್ಪಳ ಇಲ್ಲದೆ ನಮ್ಮ ಕಡೆ ಗಂಜಿ ಗಂಟಲಲ್ಲಿ ಇಳಿಯುವುದುಂಟಾ?

ಇವರೆಲ್ಲ ಬಿಡಿ, ಕುಂಬಳೆಯ ಭಾವನನ್ನು ಸಹಿಸಬೇಕು.

ಭಾವನಿಗೆ ಹಿಂದೊಮ್ಮೆ ಕಲ್ಲು ಬಿದ್ದಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ ಸುಣ್ಣದ ಡಬ್ಬಿಯಲ್ಲಿಟ್ಟು ಅಂಗಿಯ ಕಿಸೆಯಲ್ಲೇ ಹೊತ್ತು ತಿರುಗುತ್ತಾರೆ. ಹೋಳಿಗೆಯ ಪಕ್ಕದಲ್ಲೇ ಮುಚ್ಚಳ ತೆಗೆದರು. ಕಂದು ಬಣ್ಣ, ಹಲಸಿನ ಗುಜ್ಜೆಯ ಹಾಗೆ ಮುಳ್ಳು ಮುಳ್ಳು.

“ನಿನ್ನದೆಷ್ಟು?”

“4 ಮಿಲ್ಲಿಮೀಟರ್, ಭಾವ.”

“ಬರೀ ನಾಲ್ಕಾ?” ಅಂದರು, ಕನಿಕರದಿಂದ. “ಇದು 7!” ಹೋದ ವರ್ಷದ ಮದುವೆಯಲ್ಲಿ ಇದೇ ಕಲ್ಲು 5 ಇತ್ತು. ಡಬ್ಬಿಯೊಳಗೂ ಬೆಳೆಯುತ್ತದೋ ಏನೋ.

ಊಟ ಮುಗಿದು ಎಲೆಯಡಿಕೆಗೆ ಕೂತಾಗ, ಕಣ್ಣು ಮಂಜಾದ ಒಬ್ಬರು ಅಜ್ಜ ಅದೇ ಡಬ್ಬಿ ಎತ್ತಿಕೊಂಡು ಸುಣ್ಣಕ್ಕೆ ಬೆರಳು ಹಾಕಿದರು. ಕಲ್ಲು ಜಮಖಾನೆಯ ಮೇಲೆ ಹಾರಿತು. ಭಾವ ಮೊಣಕಾಲೂರಿ, ಬಿದ್ದಿದ್ದ ಅಡಿಕೆ ಚೂರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಮದುಮಗನಂತೆ ಸಿಂಗರಿಸಿದ್ದ ವಟುವೂ ಹುಡುಕಲು ಬಂದ. ಕೊನೆಗೆ ಸಿಕ್ಕಿದ್ದು ಕಲ್ಲೋ ಅಡಿಕೆಯೋ ದೇವರಿಗೇ ಗೊತ್ತು, ಭಾವ ಮಾತ್ರ ಭಕ್ತಿಯಿಂದ ಡಬ್ಬಿಗೆ ಹಾಕಿಕೊಂಡರು.

ಅವರ ಪ್ರಕಾರ ಅದನ್ನು ಬೀಳಿಸಿದ್ದು ಬಾಳೆದಿಂಡಿನ ರಸ. 5 ಮಿಲ್ಲಿಮೀಟರಿನೊಳಗಿನದ್ದು ಹೆಚ್ಚಾಗಿ ತಾನಾಗಿಯೇ ಬೀಳುತ್ತದೆ, ಹೆಸರು ದಿಂಡಿಗೆ. ಈಗ ಎಲ್ಲರೂ ದಿಂಡು ಕಳಿಸುತ್ತಿದ್ದಾರೆ. ನಮ್ಮಲ್ಲಿ ದಿಂಡಿನ ಪಲ್ಯ, ದಿಂಡಿನ ಸಾಸಮೆ, ಮತ್ತೆ ಪಲ್ಯ.

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕಂತೆ. ಕಾಸರಗೋಡಿನಿಂದ ಮಂಗಳೂರಿಗೆ ದಿನಾ 50 ಕಿಲೋಮೀಟರ್ ಬಸ್ಸಿನಲ್ಲಿ ಹೋಗುವವರಿಗೆ ಇದನ್ನು ಹೇಳಿ ನೋಡಿ. ಮನೆಯಲ್ಲಿ ಒಂದು ಬಾಟ್ಲಿ ಖಾಲಿ ಮಾಡಿ ಹತ್ತಿದರೆ ಉಪ್ಪಳ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು. ನಮ್ಮ ಅಜ್ಜ ತೋಟದಿಂದ ಬೆವರು ಸುರಿಸುತ್ತಾ ಬಂದು ಜಗಲಿಯಲ್ಲಿ ಕೂತು, ಬೆಲ್ಲದ ತುಂಡು ಕಚ್ಚಿ, ಒಂದು ಚೆಂಬು ನೀರನ್ನು ಉಸಿರು ಬಿಡದೆ ಎತ್ತಿ ಕುಡಿಯುತ್ತಿದ್ದರು. ಅವರಿಗೆ ಲೀಟರಿನ ಲೆಕ್ಕ ಕೊಡುವವರು ಯಾರೂ ಇರಲಿಲ್ಲ.

ಕಲ್ಲು ಬಿದ್ದರೆ ಹಿಡಿದು ತನ್ನಿ, ಯಾವ ಜಾತಿಯದ್ದು ಅಂತ ಪರೀಕ್ಷೆ ಮಾಡಬೇಕು ಅಂದಿದ್ದಾರೆ ಡಾಕ್ಟರು. ಅದಕ್ಕೊಂದು ಜಾಲರಿ ಬೇಕು. ಇದು ಕಿವಿಗೆ ಬಿದ್ದದ್ದೇ ತಡ, ಅಮ್ಮ ಚಾಯ ಸೋಸುವ ಜಾಲರಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಎಲ್ಲಿಟ್ಟರೋ ಅವರಿಗೇ ನೆನಪಿಲ್ಲ. ಈಗ ಮನೆಮಂದಿಯೆಲ್ಲ ಚಾಯಹುಡಿ ಉಗುಳುತ್ತಾ ಚಾಯ ಕುಡಿಯುತ್ತಿದ್ದೇವೆ.