ಎರಡು ಫ್ಯಾನು, ಒಂದು ತೀರ್ಥದ ಕ್ಯಾನು

ನಮ್ಮ ಮನೆಯಲ್ಲಿ ಎಸಿ ಭಾಗ್ಯ ಮೊದಲು ಸಿಕ್ಕಿದ್ದು ಕಾರಿಗೆ. ಮನೆಗೆ ಇವತ್ತಿಗೂ ಸಿಕ್ಕಿಲ್ಲ.

ಕಾರು ಅಂದರೆ ಮಾರುತಿ 800. ಅದರಲ್ಲೂ ಸ್ಟ್ಯಾಂಡರ್ಡ್ ಮಾಡೆಲ್. ಸ್ಟ್ಯಾಂಡರ್ಡ್ ಅಂದರೆ ಏನೋ ಘನತೆ ಅಂದುಕೊಳ್ಳಬೇಡಿ, ಎಸಿ ಇಲ್ಲ ಅಂತ ಅಷ್ಟೇ ಅರ್ಥ. 796 ಸಿಸಿ, ಮೂರು ಸಿಲಿಂಡರ್, ಸುಮಾರು 37 ಕುದುರೆ ಶಕ್ತಿ. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳುವ ಹೊತ್ತಿಗೆ ಅದರಲ್ಲಿ ಎಷ್ಟು ಕುದುರೆ ಉಳಿದಿದ್ದವೋ, ಎಷ್ಟು ಹಗ್ಗ ಕಡಿದುಕೊಂಡು ಹೋಗಿದ್ದವೋ, ಲೆಕ್ಕ ಇಟ್ಟವರಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಂದಿನ ಬಸ್ಸಿನ ಹೊಗೆಯನ್ನೆಲ್ಲ ಕುಡಿದು ಹೆಂಡತಿ ಹೇಳಿದಳು, "ಒಂದೋ ಎಸಿ ಹಾಕಿಸಿ, ಇಲ್ಲಾ ನಾನು ಆ ಬಸ್ಸಲ್ಲೇ ಬರ್ತೀನಿ. ಅದ್ರಲ್ಲಾದ್ರೆ ಹೊಗೆ ಹಿಂದಿನವರಿಗೆ ಹೋಗುತ್ತೆ."

ಮುಂದಿನ ಶನಿವಾರ ಜೆ.ಸಿ. ರಸ್ತೆಯ ಕಡೆ ಹೊರಟೆ. ಕಾರಿಗೆ ಏನು ಬೇಕಾದರೂ ತಗುಲಿಸಿ ಕಳಿಸುವ ರಸ್ತೆ ಅದು. ಒಂದು ಅಂಗಡಿಯವನು 18,000 ರೂಪಾಯಿ ಹೇಳಿದ. "ಬೆಳಗ್ಗೆ ಬಿಡಿ ಸಾರ್, ಸಾಯಂಕಾಲ ಊಟಿ ತಗೊಂಡ್ಹೋಗಿ" ಅಂದ.

"ಎಂಜಿನ್ ಬಿಸಿಯಾಗಲ್ವಾ?"

"ಅದಕ್ಕೇ ಅಲ್ವಾ ಸಾರ್, ಎಕ್ಸ್‌ಟ್ರಾ ಫ್ಯಾನ್ ಕೊಡ್ತಿರೋದು!"

ಆ ಎಕ್ಸ್‌ಟ್ರಾ ಫ್ಯಾನ್ ಅನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗಂತೂ ಮರೆಯಲು ಆಗುವುದಿಲ್ಲ.

ಆಮೇಲೆ ಕಲಿತ ವಿದ್ಯೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಸಿ ಅನ್ನುವುದು ಹೊಸದಾಗಿ ತಂಪನ್ನು ತಯಾರಿಸುವುದಿಲ್ಲ. ಕಾರಿನ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಸುರಿಯುತ್ತದೆ. ಸುರಿಯುವ ಜಾಗಕ್ಕೆ ಕಂಡೆನ್ಸರ್ ಅಂತ ಹೆಸರು. ಅದನ್ನು ಕೂರಿಸುವುದು ಎಲ್ಲಿ? ಎಂಜಿನ್ ನೀರನ್ನು ತಣಿಸುವ ರೇಡಿಯೇಟರ್‌ನ ಮೂಗಿನ ಮುಂದೆಯೇ. ಗ್ರಿಲ್‌ನಿಂದ ಬರುವ ಗಾಳಿ ಮೊದಲು ಕಂಡೆನ್ಸರ್‌ಗೆ, ಉಳಿದದ್ದು ರೇಡಿಯೇಟರ್‌ಗೆ. ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಕೂತವರಿಗೆ ಬರೀ ತಿಳಿಸಾರು ಸಿಗುತ್ತದಲ್ಲ, ಹಾಗೆ ರೇಡಿಯೇಟರ್‌ಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಜೊತೆಗೆ ಎಸಿಯನ್ನು ನಡೆಸುವ ಕಂಪ್ರೆಸರ್ ತಿರುಗಿಸಲು ಎಂಜಿನ್ ಎರಡು ಮೂರು ಕುದುರೆ ಕೊಡಬೇಕು. ದೊಡ್ಡ ಕಾರಿಗೆ ಅದು ಚಿಲ್ಲರೆ ಕಾಸು. ನಮ್ಮ ಗಾಡಿಗಾದರೆ, ನೊಗಕ್ಕೆ ಕಟ್ಟಿದ ಕುದುರೆಗಳನ್ನೇ ಬಿಚ್ಚಿ ಯಜಮಾನರಿಗೆ ಬೀಸಣಿಗೆ ಬೀಸಲು ನಿಲ್ಲಿಸಿದ ಹಾಗೆ. ಅಂದರೆ ಎಂಜಿನ್‌ಗೆ ಕೆಲಸ ಜಾಸ್ತಿ, ಗಾಳಿ ಕಮ್ಮಿ. ಇದಕ್ಕೆಂದೇ ಕಂಡೆನ್ಸರ್‌ನ ಮುಂದೆ ಇನ್ನೊಂದು ಫ್ಯಾನ್ ಕೂರಿಸುತ್ತಾರೆ. ಎಸಿ ಹಾಕಿದಾಗ ಅದು ಮುಂದಿನಿಂದ ಗಾಳಿ ತಳ್ಳಬೇಕು, ರೇಡಿಯೇಟರ್‌ನ ಹಿಂದಿರುವ ಹಳೇ ಫ್ಯಾನ್ ಆ ಗಾಳಿಯನ್ನು ಎಳೆದುಕೊಳ್ಳಬೇಕು. ತಳ್ಳುವವನೊಬ್ಬ, ಎಳೆಯುವವನೊಬ್ಬ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ?

ಎಸಿ ಬಂತು. ಖಾಲಿ ರಸ್ತೆಯಲ್ಲಿ ನಿಜಕ್ಕೂ ಊಟಿಯೇ. ಮಗ ಹಿಂದಿನ ಸೀಟಿನಲ್ಲಿ ಟವೆಲ್ ಹೊದ್ದುಕೊಂಡ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತೆವು ನೋಡಿ, ಎರಡೇ ನಿಮಿಷಕ್ಕೆ ಊಟಿ ಹೋಗಿ ರಾಯಚೂರು ಬಂತು. ಡ್ಯಾಶ್‌ಬೋರ್ಡಿನ ಎಂಜಿನ್ ಬಿಸಿ ತೋರಿಸುವ ಮುಳ್ಳು ಸಿ (ತಂಪು) ಬಿಟ್ಟು ಎಚ್ (ಬಿಸಿ) ಕಡೆ ಹೊರಟಿತ್ತು. ಎಸಿ ಆರಿಸಿದರೆ ಒಳ್ಳೆ ಹುಡುಗನ ಹಾಗೆ ಕೆಳಗಿಳಿಯುತ್ತಿತ್ತು. ಹಾಕಿದರೆ ಮತ್ತೆ ಮೇಲೆ.

ಮೆಕ್ಯಾನಿಕ್‌ಗಳ ಹತ್ತಿರ ಹೋದೆ. ಮೊದಲನೆಯವನು ರೇಡಿಯೇಟರ್ ಬ್ಲಾಕ್ ಆಗಿದೆ ಅಂತ ಬಿಚ್ಚಿ ತೊಳೆದ. ಎರಡನೆಯವನು ನೀರಿನ ಬಿಸಿ ನೋಡಿಕೊಂಡು ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತು ನನ್ನ ಕೈಗಿಟ್ಟು, "ನಮ್ಮೂರ ಹವಾಕ್ಕೆ ಇದು ಬೇಡವೇ ಬೇಡ" ಅಂದ. ಕಂಪನಿಯವರು ಸುಮ್ನೆ ಶೋಕಿಗೆ ಹಾಕಿರುತ್ತಾರಾ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಆ ಹಿತ್ತಾಳೆ ಬಿಲ್ಲೆ ಈಗಲೂ ದೇವರ ಮನೆಯ ಪಕ್ಕದ ಡ್ರಾನಲ್ಲಿದೆ. ಮೂರನೆಯವನು ಏನೂ ಮಾಡಲಿಲ್ಲ. "ಎಸಿ ಹಾಕ್ಬೇಡಿ, ಗಾಡಿ ಚೆನ್ನಾಗಿದೆ" ಅಂದ. ಹಲ್ಲುನೋವಿನವನಿಗೆ ಊಟ ಬಿಡು ಅಂದ ಹಾಗಾಯಿತು.

ಅಷ್ಟರಲ್ಲಿ ಏಪ್ರಿಲ್ ಬಂತು. ಅತ್ತೆಯವರಿಗೆ ಧರ್ಮಸ್ಥಳಕ್ಕೆ ಹೋಗಬೇಕು ಅನ್ನಿಸಿತು. ಹೋಗುವಾಗ ಶಿರಾಡಿ ಘಾಟಿ ಇಳಿಜಾರು, ಯಾವ ತಕರಾರೂ ಇಲ್ಲ. ದರ್ಶನ ಆಯಿತು, ಊಟ ಆಯಿತು. ಅತ್ತೆ ನೇತ್ರಾವತಿಯ ನೀರನ್ನು 5 ಲೀಟರ್ ಕ್ಯಾನಿಗೆ ತುಂಬಿಸಿಕೊಂಡು ಕಾಲ ಬಳಿ ಇಟ್ಟುಕೊಂಡರು. ವಾಪಸು ಗುಂಡ್ಯ ದಾಟಿ ಏರು ಶುರುವಾಯಿತು. ಮುಂದೆ ಮರದ ದಿಮ್ಮಿ ಹೊತ್ತ ಲಾರಿ, ಹಿಂದೆ ಟ್ಯಾಂಕರ್, ನಡುವೆ ಸೆಕೆಂಡ್ ಗೇರಿನಲ್ಲಿ ನಾವು. ಎಸಿ ಆರಿಸಲು ಕೈ ಚಾಚಿದೆ. "ಇರಲಿ ಬಿಡಪ್ಪ, ತಣ್ಣಗಿದೆ" ಅಂದರು ಅತ್ತೆ. ಅಳಿಯನಾದವನು ಏನು ಮಾಡಬೇಕು?

ಕೆಂಪುಹೊಳೆ ಪಕ್ಕದ ಒಂದು ತಿರುವಿನಲ್ಲಿ ಬಾನೆಟ್‌ನಿಂದ ಹೊಗೆ ಎದ್ದಿತು. ಹೊಗೆಯಲ್ಲ, ಹಬೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಬರುವಂಥದ್ದು. ನಾನು ಇಳಿದು, ಟವೆಲ್ ಕೈಗೆ ಸುತ್ತಿಕೊಂಡು, ವೀರನ ಹಾಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ.

"ಓ ಸ್ವಾಮಿ! ಮುಟ್ಬೇಡಿ!" ದಿಮ್ಮಿ ಲಾರಿಯ ಡ್ರೈವರ್ ಗಾಡಿ ನಿಲ್ಲಿಸಿ ಓಡಿಬಂದ. "ಕುಕ್ಕರ್ ಪ್ರೆಷರ್ ಇಳಿಯೋ ಮುಂಚೆ ಮುಚ್ಚಳ ತೆಗೀತೀರಾ ಮನೇಲಿ?"

ಮಾತು ಸರಿಯಾಗಿತ್ತು. ಒತ್ತಡ ಇರುವಾಗ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾಯುತ್ತಿರುತ್ತದಂತೆ. ಮುಚ್ಚಳ ತೆಗೆದ ಕ್ಷಣ ಒಟ್ಟಿಗೆ ಮುಖಕ್ಕೆ ಹಾರುತ್ತದೆ. ಆ ಪುಣ್ಯಾತ್ಮನಿಂದಾಗಿ ನನ್ನ ಮುಖ ಇವತ್ತಿಗೂ ಇದ್ದ ಹಾಗೇ ಇದೆ. ಅದರಿಂದ ಜಗತ್ತಿಗೆ ವಿಶೇಷ ಲಾಭವಿಲ್ಲ, ಆ ಮಾತು ಬೇರೆ.

ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತೆವು. ಮುಚ್ಚಳ ತಣ್ಣಗಾದ ಮೇಲೆ ತೆಗೆದರೆ ಒಳಗೆ ನೀರೇ ಕಾಣಲಿಲ್ಲ. ಕುಡಿಯುವ ಬಾಟಲಿ ಎರಡೂ ಹೋಯಿತು. ಇನ್ನೂ ಸಾಲದು. ಎಲ್ಲರ ಕಣ್ಣೂ ಅತ್ತೆಯ ಕಾಲ ಬಳಿಗೆ ಹೋಯಿತು. ಅವರು ಕ್ಯಾನಿನ ಮೇಲೆ ಸೆರಗು ಮುಚ್ಚಿದರು. ಮೊಮ್ಮಗ, "ಅಜ್ಜಿ, ಕಾರಿಗೂ ಪುಣ್ಯ ಬರುತ್ತಲ್ವಾ?" ಅಂದ. ಅವರು ಕಣ್ಣು ಮುಚ್ಚಿ, "ಮಂಜುನಾಥಾ" ಅಂದು, ತಾವೇ ಎಂಜಿನ್ ಸ್ಟಾರ್ಟ್ ಮಾಡಿಸಿ ಸ್ವಲ್ಪ ಸ್ವಲ್ಪವೇ ಹೊಯ್ದರು. ಅರ್ಧ ಕ್ಯಾನ್ ಖಾಲಿ.

ಡ್ರೈವರ್ ಹೊರಡುವ ಮುನ್ನ ಇನ್ನೊಂದು ಮಾತು ಹೇಳಿ ಹೋದ. "ಎಸಿ ಬಂದ್ ಮಾಡಿ, ಹೀಟರ್ ಫುಲ್ ಇಡಿ. ಎಂಜಿನ್ ಬಿಸಿ ಅದ್ರಲ್ಲಿ ಒಂದಷ್ಟು ಹೊರಗೆ ಬರುತ್ತೆ." ಹೀಗಾಗಿ 18,000 ಕೊಟ್ಟು ಎಸಿ ಹಾಕಿಸಿದ ನಾವು, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ಎಲ್ಲಾ ಇಳಿಸಿ, ಹೀಟರ್ ಹಾಕಿಕೊಂಡು ಶಿರಾಡಿ ಹತ್ತಿದೆವು. ಹೆಂಡತಿ ಒಂದೂ ಮಾತಾಡಲಿಲ್ಲ. ಅದು ಹೀಟರ್‌ಗಿಂತ ಜಾಸ್ತಿ ಬಿಸಿಯಾಗಿತ್ತು.

ಸಕಲೇಶಪುರದಲ್ಲಿ ಹೆದ್ದಾರಿ ಬದಿಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ನಿಲ್ಲಿಸಿದೆ. ಇಪ್ಪತ್ತು ದಾಟಿರದ ಹುಡುಗ. ನನ್ನ ರಾಮಾಯಣ ಪೂರ್ತಿ ಕೇಳಿದ. ಸ್ಪ್ಯಾನರ್ ತೆಗೆಯಲಿಲ್ಲ, ಮೀಟರ್ ತೆಗೆಯಲಿಲ್ಲ.

"ಸಾರ್, ಒಂದು ಪೇಪರ್ ಇದ್ಯಾ?"

ಜೇಬಿಗೆ ಕೈ ಹಾಕಿದಾಗ ಸಿಕ್ಕಿದ್ದು ಎಸಿ ಅಂಗಡಿಯ ಬಿಲ್ಲು. ವಾರಂಟಿಗೆ ಬೇಕಾಗುತ್ತೆ ಅಂತ ಜೊತೆಯಲ್ಲೇ ಇಟ್ಟುಕೊಂಡಿದ್ದೆ. ಎಂಜಿನ್ ಓಡುತ್ತಿತ್ತು, ಎಸಿ ಆಫ್. ಹಿಂದಿನ ಫ್ಯಾನ್ ತಿರುಗಲು ಶುರುವಾದಾಗ ಹುಡುಗ ಬಿಲ್ಲನ್ನು ಗ್ರಿಲ್ ಹತ್ತಿರ ಹಿಡಿದ. ಅದು ಮೆಲ್ಲಗೆ ಒಳಕ್ಕೆ ಬಾಗಿ ಗ್ರಿಲ್‌ಗೆ ಅಂಟಿತು. "ಈಗ ಎಸಿ ಹಾಕಿ" ಅಂದ. ಹಾಕಿದೆ. ಬಿಲ್ಲು ಒಮ್ಮೆ ನಡುಗಿತು, ಗ್ರಿಲ್ ಬಿಟ್ಟಿತು, ಹಾರಿ ರಸ್ತೆಗೆ ಹೋಯಿತು. ಮಗ ಅದರ ಹಿಂದೆ ಓಡಿದ, ಹೆಂಡತಿ ಮಗನ ಹಿಂದೆ ಓಡಿದಳು.

ಹುಡುಗ ಬಿದ್ದು ಬಿದ್ದು ನಕ್ಕ. "ಮುಂದಿನ ಫ್ಯಾನ್‌ಗೆ ವೈರ್ ಉಲ್ಟಾ ಕೊಟ್ಟಿದ್ದಾರೆ ಸಾರ್. ಪ್ಲಸ್ಸು ಮೈನಸ್ಸು ಅದಲು ಬದಲಾದ್ರೆ ಮೋಟಾರ್ ಉಲ್ಟಾ ತಿರುಗುತ್ತೆ. ಹಿಂದಿನದು ಗಾಳಿನ ಒಳಕ್ಕೆ ಎಳೀತಿದೆ, ಮುಂದಿನದು ಹೊರಕ್ಕೆ ಎಳೀತಿದೆ."

ಅಲ್ಲಿಗೆ ಎಲ್ಲಾ ಒಗಟೂ ಬಿಡಿಸಿಕೊಂಡಿತು. ಒಂದು ತಿಂಗಳಿಂದ ನನ್ನ ಬಾನೆಟ್ ಒಳಗೆ ಎರಡು ಫ್ಯಾನ್ ಹಗ್ಗಜಗ್ಗಾಟ ಆಡುತ್ತಿದ್ದವು. ಕಾರು ಜೋರಾಗಿ ಓಡುವಾಗ ಎದುರುಗಾಳಿ ಇಬ್ಬರನ್ನೂ ಗದರಿಸಿ ಒಳಗೆ ನುಗ್ಗುತ್ತಿತ್ತು. ಸಿಗ್ನಲ್‌ನಲ್ಲಿ, ಘಾಟಿಯಲ್ಲಿ ಗದರಿಸುವವರೇ ಇಲ್ಲ. ನಡುವೆ ಸಿಕ್ಕ ರೇಡಿಯೇಟರ್ ಪಾಡು, ಗಂಡ ಹೆಂಡಿರ ಜಗಳದಲ್ಲಿ ಬಡವಾದ ಕೂಸಿನ ಪಾಡು. ಹೀಟರ್ ಇಟ್ಟಾಗ ಸರಿಹೋಗಿದ್ದರಲ್ಲೂ ಎಸಿ ಆರಿಸಿದ್ದರ ಪಾಲೇ ಜಾಸ್ತಿ ಇದ್ದಿರಬೇಕು. ಬೆಂದಿದ್ದು ಮಾತ್ರ ನಾವು.

ಹುಡುಗ ಎರಡು ವೈರ್ ಕಿತ್ತು ಅದಲು ಬದಲು ಮಾಡಿ ಟೇಪ್ ಸುತ್ತಿದ. ಐದು ನಿಮಿಷ, 50 ರೂಪಾಯಿ. ಟೈರ್ ಗುರುತು ಹೊತ್ತು ವಾಪಸು ಬಂದ ಬಿಲ್ಲನ್ನು ಮತ್ತೆ ಗ್ರಿಲ್‌ಗೆ ಹಿಡಿದ. ಎಸಿ ಹಾಕಿದರೂ ಅಂಟಿಕೊಂಡೇ ನಿಂತಿತು, ಕಿತ್ತರೆ ಬರಲೊಲ್ಲದು.

ಹಾಸನ ದಾಟಿ ನೆಲಮಂಗಲದ ಜಾಮ್‌ನಲ್ಲಿ ಅರ್ಧ ಗಂಟೆ ನಿಂತೆವು. ಮುಳ್ಳು ಮಿಸುಕಲಿಲ್ಲ. ಮಗ ಮತ್ತೆ ಟವೆಲ್ ಹೊದ್ದ. ನಾನು ಹೆಮ್ಮೆಯಿಂದ ಪ್ಲಸ್ಸು ಮೈನಸ್ಸಿನ ವಿಚಾರ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಇರಲಿ, ತೀರ್ಥ ಹೊಯ್ದ ಮೇಲೆ ಸರಿಹೋಯ್ತಲ್ಲ?" ಅಂದರು. ಆಮೇಲೆ ಹಿಂದಕ್ಕೆ ತಿರುಗಿ ಮಗಳಿಗೆ ಹೇಳಿದರು, "ಇನ್ನೂ ಅರ್ಧ ಕ್ಯಾನ್ ಇದೆ ಕಣೇ. ನಿಮ್ಮನೆ ಫ್ರಿಜ್ ಸರಿಯಾಗಿ ತಣ್ಣಗಾಗ್ತಿಲ್ಲ ಅಂತಿದ್ಯಲ್ಲ?"