ಅವ್ವನ ಫೋನಿಗೆ ಯಾವ ಸಿಮ್?

ಹೋದ ಸಲ ರಜೆಗೆ ಊರಿಗೆ ಬಂದಾಗ ಅವ್ವನ ಫೋನು ಅಡಿಗೆಮನೆ ಕಿಟಕಿಯ ಸರಳಿಗೆ ತೂಗಾಡುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸುತಳಿಯಿಂದ ಕಟ್ಟಿದ್ದಳು. "ಅಲ್ಲೆ ಇದ್ರನ ರೇಂಜ್ ಬರ್ತದಪಾ. ತೆಗದ್ರ ಹೋಗ್ತದ," ಅಂದಳು. ನಾನು ಜರ್ಮನಿಯಿಂದ ಫೋನ್ ಮಾಡಿದಾಗೆಲ್ಲ ಕುಕ್ಕರ್ ಸೀಟಿ ಅಷ್ಟು ಜೋರಾಗಿ ಯಾಕೆ ಕೇಳುತ್ತಿತ್ತು ಅಂತ ಆಗ ಗೊತ್ತಾಯಿತು.

ನಮ್ಮೂರು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಬುಡಕ್ಕಿದೆ. ಮನೆ ಮಣ್ಣಿನ ಗೋಡೆಯದು. ಗೋಡೆ ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲಿ ತಂಪು, ಸಿಗ್ನಲ್ಲಿಗೆ ಮಾತ್ರ ಕೋಟೆ. ಸಿಮ್ ಕೊಡಿಸಿದ್ದು ನಮ್ಮಣ್ಣ. ಅವನಿರುವುದು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ. ಅಲ್ಲಿ ಅದೇ ಕಂಪನಿಯ 5ಜಿ ಕುದುರೆ ಓಡಿದಂಗೆ ಓಡುತ್ತದೆ. ತನಗೆ ಚೆನ್ನಾಗಿರುವುದು ಅವ್ವನಿಗೂ ಚೆನ್ನಾಗಿರುತ್ತದೆ ಅಂದುಕೊಂಡ. ನಾವೆಲ್ಲ ಮಾಡುವ ತಪ್ಪು ಇದೇ ಅಲ್ವಾ?

ಕಂಪನಿಯ ವೆಬ್‌ಸೈಟಿನ ನಕ್ಷೆ ನೋಡಿದೆ. ನಮ್ಮೂರಿನ ಮೇಲೆ ಬಣ್ಣ ಬಳಿದಿತ್ತು, ಕವರೇಜ್ ಇದೆ ಅಂತ. ನಕ್ಷೆಗೆ ನಮ್ಮ ಗೋಡೆ ಏನು ಗೊತ್ತು? ಹಾಗಾಗಿ ಮರುದಿನ ಬೆಳಿಗ್ಗೆ ಪಕ್ಕದ ಮನೆಯವರದು, ಕಾಕಾನದು, ಅಣ್ಣನದು ಅಂತ ಮೂರು ಕಂಪನಿಯ ಫೋನು ಇಸ್ಕೊಂಡೆ. ಪಡಸಾಲೆ, ಅಡಿಗೆಮನೆ, ಹಿತ್ತಲು, ಕಡೆಗೆ ಹೊಲದ ಬದು. ಒಂದೊಂದು ಕಡೆ ನಿಂತು ಒಂದೊಂದರಿಂದ ಫೋನ್ ಮಾಡಿದೆ. ಕಡ್ಡಿ ಎಣಿಸಲಿಲ್ಲ, ಮಾತು ಕಡಿಯುತ್ತದೋ ಇಲ್ಲವೋ ಅಷ್ಟೇ ನೋಡಿದೆ. ಹಿತ್ತಲಲ್ಲಿ ಮೂರೂ ಚೆನ್ನಾಗಿದ್ದವು. ಪಡಸಾಲೆಯೊಳಗೆ ಮಾತು ಕಡಿಯದೆ ನಿಂತದ್ದು ಕಾಕಾನ ಸಿಮ್ ಒಂದೇ. ಅದೇ ಸಿಮ್ ಹುಬ್ಬಳ್ಳಿಯಲ್ಲಿ ಆಮೆ ಅಂತ ಅಣ್ಣ ಬೈಯುತ್ತಿದ್ದ!

ಇದರಲ್ಲಿ ಮಾಯ ಏನಿಲ್ಲ. ಟವರಿನಿಂದ ಬರುವ ರೇಡಿಯೋ ಅಲೆಗಳಲ್ಲಿ 900 ಮೆಗಾಹರ್ಟ್ಸ್ ಆಸುಪಾಸಿನದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. 5ಜಿಗೆ ಜಾಸ್ತಿ ಬಳಸುವ 3300 ಮೆಗಾಹರ್ಟ್ಸ್ ಆಚೆಯ ಅಲೆಯಲ್ಲಿ ಡೇಟಾ ವೇಗ ಹೆಚ್ಚು, ಗೋಡೆ ಅಡ್ಡ ಬಂದರೆ ಸುಸ್ತು. ಯಾರ ಟವರ್ ಎಲ್ಲಿದೆ, ಅದರಲ್ಲಿ ಯಾವ ಅಲೆ ಬಿಟ್ಟಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಇನ್ನೊಂದು ವಿಷಯ. ಅವ್ವನದು ಹಳೇ ಬಟನ್ ಫೋನು, 2ಜಿಯದು. ಜಿಯೋಗೆ 2ಜಿ ಇಲ್ಲವೇ ಇಲ್ಲ. ಹಾಗಾಗಿ ಆ ಸೆಟ್ಟಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ. ಸಿಮ್ ಆರಿಸುವ ಮುಂಚೆ ಕೈಯಲ್ಲಿರುವ ಫೋನು ಯಾವುದು ಅಂತ ನೋಡಬೇಕು, ಬಹಳ ಜನ ನೋಡಲ್ಲ.

ಜರ್ಮನಿಯಲ್ಲಿ ಸಿಗ್ನಲ್ ಸದಾ ಫುಲ್ ಅಂದುಕೊಳ್ಳಬೇಡಿ. ಸ್ಟುಟ್‌ಗಾರ್ಟಿನಿಂದ ರೈಲು ಹತ್ತಿ ಕಾಡು ಹೊಕ್ಕರೆ ಫೋನು ಮೂಕ. ಅದಕ್ಕೆ ಅವರು ಒಂದು ಶಬ್ದವನ್ನೇ ಇಟ್ಟುಕೊಂಡಿದ್ದಾರೆ: ಫುಂಕ್‌ಲೋಖ್. ನಮ್ಮ ಮಾತಲ್ಲಿ ಹೇಳಬೇಕೆಂದರೆ ಸಿಗ್ನಲ್ ತೂತು. ಹೋದ ಹೊಸದರಲ್ಲಿ ನಾನು ಎರಡು ವರ್ಷದ ಫೋನ್ ಕರಾರಿಗೆ ಸಹಿ ಹಾಕಿದ್ದೆ. ಮುಗಿಯುವ ಮೂರು ತಿಂಗಳ ಮುಂಚೆ 'ಬೇಡ' ಅಂತ ಬರೆದು ಕಳಿಸಬೇಕಿತ್ತು. ಮರೆತೆ. ಕರಾರು ತಾನೇ ಇನ್ನೊಂದು ವರ್ಷ ಬೆಳೆಯಿತು. ಮನೆ ಬದಲಿಸಿದ್ದೆ, ಹೊಸ ಮನೆಯಲ್ಲಿ ಸಿಗ್ನಲ್ ಇರಲಿಲ್ಲ, ಆದರೂ ತಿಂಗಳು ತಿಂಗಳು ದುಡ್ಡು ಹೋಯಿತು. ಫೋನ್ ಮಾಡಿದರೆ ನಲವತ್ತು ನಿಮಿಷ ಸಂಗೀತ, ಆಮೇಲೆ ಒಬ್ಬ ಹೆಣ್ಣುಮಗಳು ಮೆಲ್ಲಗೆ, ಅಚ್ಚುಕಟ್ಟಾಗಿ "ಆಗುವುದಿಲ್ಲ" ಅಂದಳು.

ಆದರೆ ಜರ್ಮನಿಯವರು ಕಾನೂನನ್ನೇ ಬದಲಿಸಿದರು, ಅದನ್ನು ಮೆಚ್ಚಬೇಕು. 2021ರ ಡಿಸೆಂಬರಿನಿಂದ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸು ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. 2022ರ ಜುಲೈನಿಂದ ವೆಬ್‌ಸೈಟಿನಲ್ಲಿ 'ಕರಾರು ಬಿಡುತ್ತೇನೆ' ಅನ್ನುವ ಬಟನ್ ಕಡ್ಡಾಯ. ನಂಬರ್ ಪೋರ್ಟ್ ಮಾಡುವಾಗ, ಅಂದರೆ ಅದೇ ನಂಬರಿನಲ್ಲಿ ಕಂಪನಿ ಬದಲಿಸುವಾಗ, ಕಂಪನಿ ತಡ ಮಾಡಿದರೆ ದಿನಕ್ಕೆ 10 ಯೂರೋ ಪರಿಹಾರ ಕೇಳಬಹುದು. ದಿನಕ್ಕೆ 10 ಯೂರೋ! ನಮ್ಮಲ್ಲಿ ತಡವಾದರೆ "ಸರ್ವರ್ ಡೌನ್ ಅದ ರೀ" ಅನ್ನುವ ಮಾತೇ ಪರಿಹಾರ.

ನಮ್ಮಲ್ಲಿ ಸುಲಭ ಇರುವುದು ಬಿಡುವ ಕೆಲಸ. 2011ರ ಜನವರಿಯಿಂದ ದೇಶದ ತುಂಬ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು. ಇಂಗ್ಲಿಷಿನಲ್ಲಿ PORT ಅಂತ ಬರೆದು, ಜಾಗ ಬಿಟ್ಟು ನಂಬರು ಹಾಕಿ 1900ಕ್ಕೆ ಮೆಸೇಜು ಕಳಿಸಿದರಾಯಿತು. ಬರುವ ಕೋಡನ್ನು ಹೊಸ ಕಂಪನಿಗೆ ಕೊಡಬೇಕು, ಅದು ನಮ್ಮ ಕರ್ನಾಟಕದಲ್ಲಿ ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಅವ್ವನ ಫೋನಿನಿಂದ ಆ ಮೆಸೇಜು ಹೋಗಲು ಕಿಟಕಿಗೇ ಹಿಡಿಯಬೇಕಾಯಿತು ಅನ್ನೋದು ಬೇರೆ ಮಾತು.

ರೊಕ್ಕದ ವಿಷಯ. 28 ದಿನದ ರೀಚಾರ್ಜು ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ. ಜರ್ಮನಿಯ ಪ್ರೀಪೇಯ್ಡ್‌ಗಳಲ್ಲೂ ಇದೇ ನಾಲ್ಕು ವಾರದ ಆಟ ಇದೆ, ಆ ಚಾಲಾಕಿಯಲ್ಲಿ ಇಬ್ಬರೂ ಅಣ್ಣತಮ್ಮಂದಿರು. 2024ರ ಜುಲೈನಲ್ಲಿ ಇಲ್ಲಿ ದರ ಏರಿತು. ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 239ರ ಪ್ಯಾಕು 299 ಆಯಿತು, ಉಳಿದವರೂ ಸಾಲಾಗಿ ಏರಿಸಿದರು. ಅವ್ವನಿಗೆ ಒಂದೂವರೆ ಜಿಬಿ ಯಾಕೆ? ಬಟನ್ ಫೋನಿನಲ್ಲಿ ಅದು ಸುಮ್ನೆ ಗಟಾರಕ್ಕೆ. 2024ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್, ಡೇಟಾ ಇಲ್ಲದ, ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕೂ ಇಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಅವಧಿ 365 ದಿನದವರೆಗೂ ಇರಬಹುದು. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ, ನೀವೇ ಕೇಳಿ.

ಗಿರಾಕಿ ಸೇವೆ ಅಂದರೆ ಅವ್ವನ ಪಾಲಿಗೆ ಕಾಲ್ ಸೆಂಟರ್ ಅಲ್ಲವೇ ಅಲ್ಲ. ಕನ್ನಡಕ್ಕೆ ಬಟನ್ ಒತ್ತಿದರೂ ಅತ್ತಲಿಂದ ಬರುವ ಪುಸ್ತಕದ ಕನ್ನಡ ಅವಳಿಗೆ ಹಿಡಿಸಲ್ಲ. "ಅವ ಏನಂತಾನ ತಿಳೀವಲ್ದು," ಅಂತ ಇಟ್ಟುಬಿಡುತ್ತಾಳೆ. ಅವಳ ಕಸ್ಟಮರ್ ಕೇರ್ ಮುಂಡರಗಿ ಬಸ್ ಸ್ಟ್ಯಾಂಡ್ ಹತ್ತಿರದ ರೀಚಾರ್ಜ್ ಅಂಗಡಿ ಹುಡುಗ. ಹೋದ ಕೂಡಲೇ "ಯವ್ವಾ, ಕುಂದ್ರ ಬೇ" ಅಂತ ಸ್ಟೂಲ್ ಎಳೆದು ಹಾಕುತ್ತಾನೆ. ಬ್ಯಾಟರಿ ತೆಗೆದು, ಸಿಮ್ ಅನ್ನು ಅಂಗಿಗೆ ಒರೆಸಿ, ಮತ್ತೆ ಹಾಕಿ, ತನ್ನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡುತ್ತಾನೆ. ಇದಕ್ಕೆ ರೊಕ್ಕ ಇಲ್ಲ. ಕಾಕಾನ ಕಂಪನಿಗೆ ಪೋರ್ಟ್ ಮಾಡಿಸಿದ್ದೂ ಅವನೇ. ಮೂರು ದಿನಕ್ಕೆ ಕೆಲಸ ಮುಗಿಯಿತು. ನನಗೆ ಸಂಗೀತ ಕೇಳಿಸಿದ ಆ ಕಂಪನಿಯಲ್ಲಿ ಇಂಥ ಒಬ್ಬ ಇದ್ದಿದ್ದರೆ ಒಂದು ವರ್ಷದ ದುಡ್ಡು ಉಳಿಯುತ್ತಿತ್ತು.

ಈಗ ಫೋನು ಪಡಸಾಲೆಯಲ್ಲಿ ಅವಳ ಎಲಿ ಅಡಿಕಿ ಚೀಲದ ಪಕ್ಕ ಇರುತ್ತದೆ. ನಾನು ಲೆಕ್ಕ ಹಾಕಿ, ಒಂದು ವರ್ಷದ ಪ್ಯಾಕೇ ಹಾಕಿಸಿಬಿಡೋಣ, ತಿರುಗೋದು ತಪ್ಪುತ್ತದೆ ಅಂದೆ. ಅವ್ವ ಅಡಿಕೆ ಕತ್ತರಿಸುತ್ತಾ ತಲೆ ಎತ್ತಲಿಲ್ಲ.

"ವರ್ಷಕ್ಕೊಮ್ಮೆ ಹಾಕ್ಸಿದ್ರ ಆ ಹುಡುಗನ್ನ ಯಾವಾಗ ಮಾತಾಡ್ಸೂದು?"

84 ದಿನದ್ದಕ್ಕೆ ಒಪ್ಪಿಸಿ ಬಂದಿದ್ದೇನೆ.