ಲೇಔಟ್ ಅಂದ್ರೆ ಸೈಟಲ್ಲ

"ಲೇಔಟ್ ಮಾಡ್ತಿದೀನಿ" ಅಂತ ಬೆಂಗಳೂರಲ್ಲಿ ಬಾಯ್ತಪ್ಪಿ ಕೂಡ ಹೇಳ್ಬಾರ್ದು. ನಮ್ಮ ಷಡ್ಡಕರು ತಕ್ಷಣ "ಎಲ್ರೀ? ಬಿಡಿಎ ಅಪ್ರೂವ್ಡಾ? ಥರ್ಟಿ ಫಾರ್ಟಿ ಎಷ್ಟಕ್ಕೆ ಬಿಡ್ತಿದೀರ?" ಅಂದ್ರು. ನಂದು ಪುಟಾಣಿ ಮಾಡೆಲ್ ರೈಲು ಓಡಿಸೋ ಲೇಔಟು, ಒಟ್ಟು 16 ಅಡಿ ಉದ್ದ, 2 ಅಡಿ ಅಗಲ. ನಾಲ್ಕು ಪ್ಲೈವುಡ್ ಹಲಗೆ, ಮೇಲೆ ಎಡಕುಮೇರಿ ಸ್ಟೇಷನ್ ಹತ್ರದ ರೈಲು ಘಾಟಿ, ಎಚ್‌ಓ ಸ್ಕೇಲು, ಅಂದ್ರೆ ನಿಜದ್ದರ 87ರಲ್ಲಿ ಒಂದು ಪಾಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, ಅಷ್ಟನ್ನೂ ಈ ಲೆಕ್ಕದಲ್ಲಿ ಮಾಡೋಕೆ ಹೋದ್ರೆ 630 ಮೀಟರ್ ಜಾಗ ಬೇಕು, ಆಗ ನಿಜವಾಗ್ಲೂ ಸೈಟೇ ತಗೋಬೇಕಾಗತ್ತೆ.

ಅಲ್ಲಿ 57 ಸುರಂಗ ಇವೆ, ನನ್ನ ಹತ್ರ ಎರಡು. ಎಡಗಡೆ ಸುರಂಗದ ಒಳಗೆ ಹೋದ ಗಾಡಿ ಪರದೆ ಹಿಂದೆ ನಾನು ನಿಂತಿರೋ ಕಡೆ ಬರತ್ತೆ, ಅಲ್ಲಿ ನಾಲ್ಕು ಲೈನಿದೆ, ಗೂಡ್ಸ್ ಒಳಗೆ ಹೋಗಿ ಪ್ಯಾಸೆಂಜರ್ ಆಚೆ ಬರತ್ತೆ, ನೋಡೋರಿಗೆ ಮಂಗಳೂರಿಂದಾನೇ ಬಂತೇನೋ ಅನ್ಸತ್ತೆ. ಬಯಲುಸೀಮೆ ಸ್ಟೇಷನ್ ಮಾಡೋರು ಈ ಕಳ್ಳದಾರಿ ಮುಚ್ಚೋಕೆ ಫ್ಲೈಓವರ್ರೋ ಮರವೋ ಹುಡುಕ್ಕೊಂಡು ಒದ್ದಾಡ್ತಾರೆ.

ಮನೇಲಿ ಓಡಿಸೋದು ಒಂದು, ಎಕ್ಸಿಬಿಷನ್ನಿಗೆ ಹೊತ್ಕೊಂಡು ಹೋಗಿ ಓಡಿಸೋದು ಇನ್ನೊಂದು. ಮನೇಲಿ ಹುಲಿ ಬೀದೀಲಿ ಇಲಿ ಅಂತಾರಲ್ಲ, ಅದೇ ನಮ್ಮ ಇಂಜಿನ್ನು. ಎರಡು ಹಲಗೆ ಸೇರೋ ಕಡೆ ಹಳಿ ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ಬೋಗಿ ಪಲ್ಟಿ, ಅದೂ ಜನ ಸುತ್ತ ನಿಂತಾಗಲೇ. ಅದಕ್ಕೆ ಹಲಗೆ ಅಂಚಲ್ಲಿ ಹಿತ್ತಾಳೆ ಸ್ಕ್ರೂ ಹೊಡೆದು, ಹಳಿಯ ತುದೀನ ಅದಕ್ಕೆ ಬೆಸುಗೆ ಹಾಕಿ, ಹಲಗೆ ಜೋಡಿಸಿಟ್ಟ ಮೇಲೇನೇ ಸಣ್ಣ ಗರಗಸದಲ್ಲಿ ಹಳಿ ಕತ್ತರಿಸ್ಬೇಕು, ಮೊದಲು ಕತ್ತರಿಸಿ ಆಮೇಲೆ ಜೋಡಿಸ್ತೀನಿ ಅಂತ ಹೋದ್ರೆ ಕಥೆ ಮುಗೀತು (ನಾನು ಹೋಗಿದ್ದೆ). ಹಲಗೆ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಕೂರ್ಲಿ ಅಂತ ಗಂಡು ಹೆಣ್ಣು ಹಿತ್ತಾಳೆ ಪಿನ್ನುಗಳು, ಕೆಳಗೆ ಬೋಲ್ಟು.

ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಈ ಗಾದೆ ಮಾಡಿದವರು ಯಾವತ್ತೂ ಸ್ಕೂಲ್ ಹಾಲಲ್ಲಿ ಲೇಔಟ್ ಇಟ್ಟಿರ್ಲಿಲ್ಲ, ನೆಲ ಡೊಂಕೇ ಇರತ್ತೆ ಸ್ವಾಮಿ! ಹೋದ ವರ್ಷ ಕಾಲುಗಳ ಕೆಳಗೆ ಮದುವೆ ಇನ್ವಿಟೇಷನ್ ಮಡಚಿಟ್ಟು ಸಂಭಾಳಿಸಿದ್ದೆ, ಈ ಸಲ ತಿರುಗಿಸಿದ್ರೆ ಏರೋ ಇಳಿಯೋ ಬೋಲ್ಟ್ ಹಾಕಿಸಿದೀನಿ. ನಮ್ಮ ಹಳಿಯ ಏರು ಅಲ್ಲಿನ ಹಾಗೇ 50ಕ್ಕೆ 1, ನಾಲ್ಕಡಿ ಹಲಗೆಗೆ ಎರಡೂವರೆ ಸೆಂಟಿಮೀಟರ್ ಅಷ್ಟೇ. ನೆಲಾನೂ ಅದೇ ಕಡೆ ಏರಿದ್ರೆ ಇಂಜಿನ್ ಚಕ್ರ ಸುಮ್ನೆ ನಿಂತಲ್ಲೇ ಗಿರಗಿರ ತಿರುಗತ್ತೆ.

ಎರಡು ವಾರದಿಂದ ರಾತ್ರಿ ಊಟ ಆದ್ಮೇಲೆ ಬಿಚ್ಚೋದು ಜೋಡಿಸೋದು, ಬಿಚ್ಚೋದು ಜೋಡಿಸೋದು. ಮೊದಲನೇ ದಿನ ಒಂದೂಮುಕ್ಕಾಲು ಗಂಟೆ, ಈಗ 40 ನಿಮಿಷ. "ಶಾಮಿಯಾನದವರು ಇನ್ನೂ ಬೇಗ ಮಾಡ್ತಾರೆ" ಅಂದ್ಲು ನನ್ನ ಹೆಂಡ್ತಿ. ವೈರಿನ ಕನೆಕ್ಟರಿಗೆಲ್ಲ ನಂಬರ್ ಅಂಟಿಸಿದ್ದೂ ಅವಳೇ ಅನ್ನೋದನ್ನ ಹೇಳ್ಬಿಡ್ಬೇಕು. ಹಳಿ ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಪಂಚೆ ತುಂಡು. ಸ್ಯಾಂಡ್‌ಪೇಪರ್ ಮಾತ್ರ ಬೇಡ, ಗೀಚಿದ ಕಡೆಯೆಲ್ಲ ಧೂಳು ಕೂತು ಇಂಜಿನ್ನಿಗೆ ಹಳಿಯಿಂದ ಇನ್ನೂ ಬೇಗ ಕರೆಂಟ್ ಸಿಗದ ಹಾಗಾಗತ್ತೆ.

ಆಮೇಲೆ ರಿಟೈರಾದ ರೈಲ್ವೆಯವರು ಒಬ್ರಾದ್ರೂ ಬಂದೇ ಬರ್ತಾರೆ, ಬಗ್ಗಿ ನೋಡಿ "ಇದು ಬ್ರಾಡ್‌ಗೇಜ್ ಅಲ್ವಲ್ಲ" ಅಂತಾರೆ. ಕರೆಕ್ಟೇ. ಎರಡು ಹಳಿ ಮಧ್ಯದ ನಮ್ಮ 1676 ಮಿಲಿಮೀಟರ್ ಅಂತರ ಈ ಸ್ಕೇಲಲ್ಲಿ 19ರ ಮೇಲೆ ಬರ್ಬೇಕು, ಅಂಗಡೀಲಿ ಸಿಗೋ ಹಳಿ 16.5, ಅದು ವಿದೇಶದವರ ಗೇಜಿಗೆ ಮಾಡಿದ್ದು. ಮಕ್ಕಳಿಗೆ ಇದ್ಯಾವ್ದೂ ಬೇಡ, ಅವರು ಹುಡುಕೋದು ಸಿಗ್ನಲ್ ಮೇಲೆ ಕೂತಿರೋ ಕೋತೀನ. ಅದು ಕಡ್ಲೆಬೇಳೆಗಿಂತ ಸ್ವಲ್ಪ ದೊಡ್ಡದು, ಹೋದ ವರ್ಷ ಯಾರೋ ಕಿತ್ಕೊಂಡು ಹೋದ್ರು, ಅದಕ್ಕೆ ಈ ಸಲ ಆರು ಸ್ಪೇರ್ ಕೋತಿ ಮಾಡಿಟ್ಕೊಂಡಿದೀನಿ.

ನಿನ್ನೆ ಸಂಜೆ ಎರಡೆರಡು ಹಲಗೇನ ಮುಖಕ್ಕೆ ಮುಖ ಇಟ್ಟು, ಮಧ್ಯೆ ಕಾಡು ನಜ್ಜುಗುಜ್ಜಾಗದ ಹಾಗೆ ಪಕ್ಕಕ್ಕೆ ಅಡ್ಡಹಲಗೆ ಹೊಡೆದು, ಮೂರನೇ ಮಹಡಿಯಿಂದ ಮೆಟ್ಲಲ್ಲಿ ಇಳಿಸ್ತಿದ್ವಿ. ಎರಡನೇ ಮಹಡಿ ಆಂಟಿ ಬಾಗಿಲು ತೆಗೆದು, ಒಂದು ನಿಮಿಷ ನೋಡಿ, ಮೆಲ್ಲಗೆ ಕೇಳಿದ್ರು: "ಖಾಲಿ ಮಾಡ್ತಿದೀರಾ? ಬಾಡಿಗೆ ಎಷ್ಟು ಕೊಡ್ತಿದ್ರಿ?"